ಭಾಷೆಗೆ ಅಂಕಣವಿಲ್ಲದ ಲೆಕ್ಕ: ಅಪರಾಧ ನ್ಯಾಯ ಸಂಶೋಧನೆಯ ಸರ್ಕಾರಿ ಆದ್ಯತೆಗಳು ಮತ್ತು ಹೊಸೂರು–ಕೃಷ್ಣಗಿರಿ ಗಡಿ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೊರತರುವ ಕಾರಾಗೃಹ ಅಂಕಿಅಂಶಗಳ ಸಂಪುಟವು ಭಾರತದ ಸೆರೆವಾಸಿಯನ್ನು ಹತ್ತಾರು ಬಗೆಯಲ್ಲಿ ಎಣಿಸುತ್ತದೆ. ವಯಸ್ಸು, ಲಿಂಗ, ಧರ್ಮ, ಜಾತಿವರ್ಗ, ವಿದ್ಯಾಭ್ಯಾಸ, ಸ್ವರಾಜ್ಯದವನೋ ಪರರಾಜ್ಯದವನೋ ವಿದೇಶಿಯೋ ಎಂಬ ವಿವರ, ಎಷ್ಟು ಕಾಲದಿಂದ ಒಳಗಿದ್ದಾನೆ ಎಂಬ ಲೆಕ್ಕ ಎಲ್ಲವೂ ಅಲ್ಲಿ ಸಿಗುತ್ತವೆ. 2022ರ ಸಂಪುಟದ ಪ್ರಕಾರ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ, ಎಂದರೆ ಶೇಕಡಾ 75.8ರಷ್ಟು ಜನ, ಇನ್ನೂ ವಿಚಾರಣೆಯನ್ನು ಕಾಯುತ್ತಿದ್ದವರು. ಇಷ್ಟನ್ನೆಲ್ಲ ಎಣಿಸುವ ಸಂಪುಟದಲ್ಲಿ ಒಂದು ಅಂಕಣ ಮಾತ್ರ ಇಲ್ಲ. ಈ ಮನುಷ್ಯನ ಮನೆಮಾತು ಯಾವುದು, ಅವನ ಮೇಲಿನ ಮೊಕದ್ದಮೆ ಯಾವ ಭಾಷೆಯಲ್ಲಿ ನಡೆಯುತ್ತಿದೆ, ಇವೆರಡರ ನಡುವೆ ನಿಂತು ಮಾತನ್ನು ದಾಟಿಸುವವರು ಯಾರು ಎಂಬುದನ್ನು ಅದು ಕೇಳುವುದಿಲ್ಲ.

ಜನಗಣತಿಯು 1881ರಿಂದ ಮಾತೃಭಾಷೆಯನ್ನು ಎಣಿಸುತ್ತ ಬಂದಿದೆ. 2011ರ ಗಣತಿಯು ತಮಿಳುನಾಡಿನಲ್ಲಿ, ಬಡಗವನ್ನೂ ಒಳಗೊಂಡಂತೆ, 12 ಲಕ್ಷಕ್ಕೂ ಮಿಕ್ಕ ಕನ್ನಡಿಗರನ್ನು ಲೆಕ್ಕಕ್ಕೆ ತಂದಿತು. ಅದೇ ಜನ ಠಾಣೆಯ ಹೊಸ್ತಿಲನ್ನು ದಾಟಿದೊಡನೆ ಅವರ ಭಾಷೆ ಲೆಕ್ಕದಿಂದ ಜಾರಿಹೋಗುತ್ತದೆ. ಎಣಿಸದಿದ್ದುದನ್ನು ಕುರಿತು ಸಂಶೋಧನೆಯ ಪ್ರಶ್ನೆ ಹುಟ್ಟುವುದು ಕಷ್ಟ. ಪ್ರಶ್ನೆ ಹುಟ್ಟದೆಡೆಗೆ ಅನುದಾನ ಹರಿಯುವುದು ಇನ್ನೂ ಕಷ್ಟ. ಅಪರಾಧ ನ್ಯಾಯ ವ್ಯವಸ್ಥೆಯ ಅಧ್ಯಯನಕ್ಕೆ ಸರ್ಕಾರವು ವ್ಯಯಿಸುವ ಹಣದ ಆದ್ಯತೆಗಳು ಹೇಗೆ ನಿಗದಿಯಾಗುತ್ತಿವೆ, ಹೊಸೂರು, ದೇನ್ಕನಿಕೋಟೆ, ತಳಿ, ಅಂಚೆಟ್ಟಿ, ಶೂಲಗಿರಿಗಳಂತಹ ಬಹುಭಾಷಾ ಪ್ರದೇಶದಿಂದ ನೋಡಿದಾಗ ಅವು ಹೇಗೆ ಕಾಣುತ್ತವೆ ಎಂಬ ಪರಿಶೀಲನೆ ಈ ಬರಹದ ಗುರಿ.

ಮೊದಲು ಹಣದ ದಾರಿ. 1970ರಲ್ಲಿ ಕೇಂದ್ರ ಗೃಹ ಮಂತ್ರಾಲಯವು ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊವನ್ನು ಸ್ಥಾಪಿಸಿತು. 1972ರಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ಸಂಸ್ಥೆ ದೆಹಲಿಯಲ್ಲಿ ಆರಂಭವಾಯಿತು. 1986ರಲ್ಲಿ ದಾಖಲೆಗಳ ಬ್ಯೂರೊ ಬಂತು. 2020ರಲ್ಲಿ ಸಂಸತ್ತಿನ ಕಾಯ್ದೆಯಿಂದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ ರೂಪುಗೊಂಡಿತು. ಈ ನಾಲ್ಕೂ ಗೃಹ ಮಂತ್ರಾಲಯದ ಸೂರಿನಡಿಯವು. ಕಾನೂನು ಮಂತ್ರಾಲಯದ ನ್ಯಾಯ ಇಲಾಖೆಯು ನ್ಯಾಯಾಂಗ ಸುಧಾರಣೆಯ ಅಧ್ಯಯನಗಳಿಗೆ ಪ್ರತ್ಯೇಕವಾಗಿ ಒಂದಿಷ್ಟು ಸಹಾಯಧನ ಕೊಡುತ್ತದೆಯಾದರೂ ಅದರ ಗಾತ್ರ ಕಿರಿದು. ಒಟ್ಟಿನಲ್ಲಿ, ಪೊಲೀಸರನ್ನು ನಡೆಸುವ ಮಂತ್ರಾಲಯವೇ ಪೊಲೀಸರನ್ನು ಕುರಿತ ಪ್ರಶ್ನೆಗಳನ್ನೂ ಆರಿಸುತ್ತದೆ. ಇದರಲ್ಲಿ ಒಳಸಂಚನ್ನು ಕಾಣಬೇಕಿಲ್ಲ. ಆಡಳಿತ ನಡೆಸುವವನಿಗೆ ಯಾವ ತೊಡಕು ಕೈಗೆ ತಾಗುತ್ತದೋ ಅದೇ ಸಂಶೋಧನೆಯ ವಿಷಯವಾಗುವುದು ಸಹಜ: ಆಯುಧ, ವಾಹನ, ನಿಸ್ತಂತು, ತರಬೇತಿ, ಸೈಬರ್ ಅಪರಾಧ, ಪ್ರಯೋಗಾಲಯ. ಸಾಕ್ಷಿಕಟ್ಟೆಯಲ್ಲಿ ನಿಂತ ತಳಿಯ ಮುದುಕಿಯ ತೊಡಕು ಈ ಪಟ್ಟಿಗೆ ತಾನಾಗಿ ಬಂದು ಸೇರುವುದಿಲ್ಲ.

ಭಾಷೆಯೆಂಬುದು ಬ್ಯೂರೊದ ಅರಿವಿಗೆ ಬಾರದ ವಿಷಯವೇನೂ ಅಲ್ಲ ಎಂಬುದು ಇಲ್ಲಿನ ಸ್ವಾರಸ್ಯ. ಪೊಲೀಸ್ ಸಂಬಂಧಿ ವಿಷಯಗಳ ಮೇಲೆ ಬರೆದ ಪುಸ್ತಕಗಳಿಗೆ ಅದು ಗೋವಿಂದ ವಲ್ಲಭ ಪಂತರ ಹೆಸರಿನಲ್ಲಿ ಬಹುಮಾನ ನೀಡುತ್ತ ಬಂದಿದೆ. ಆ ಯೋಜನೆ ಹಿಂದಿ ಪುಸ್ತಕಗಳದ್ದು. ರಾಜಭಾಷೆಯ ಪ್ರೋತ್ಸಾಹವೆಂಬ ನೆಲೆಯಲ್ಲಿ ಅದು ಅರ್ಥವಾಗುತ್ತದೆ. ಆದರೆ ಠಾಣೆ ಮತ್ತು ನ್ಯಾಯಾಲಯಗಳ ದಿನನಿತ್ಯದ ವ್ಯವಹಾರ ನಡೆಯುವುದು ತಮಿಳು, ಕನ್ನಡ, ತೆಲುಗು, ಉರ್ದುಗಳಲ್ಲಿ. ಭಾಷೆಯನ್ನು ಪ್ರಚಾರದ ವಸ್ತುವಾಗಿ ಕಂಡ ಸಂಸ್ಥೆಯು ಅದನ್ನು ಸಾಕ್ಷ್ಯದ ದ್ರವ್ಯವಾಗಿ ಕಾಣಲಿಲ್ಲ. ನನ್ನ ಆಕ್ಷೇಪ ಇರುವುದು ಇಲ್ಲಿ.

ಈಚಿನ ವರ್ಷಗಳ ದೊಡ್ಡ ಹೂಡಿಕೆಯು ವಿಧಿವಿಜ್ಞಾನಕ್ಕೆ ಹೋಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಏಳು ವರ್ಷ ಅಥವಾ ಅದಕ್ಕೂ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂದು ವಿಧಿಸಿತು. ಅದಕ್ಕೆ ಕೆಲವೇ ದಿನಗಳ ಮುಂಚೆ, ಜೂನ್ 19ರಂದು, ಕೇಂದ್ರ ಸಂಪುಟವು ವಿಧಿವಿಜ್ಞಾನದ ಮೂಲಸೌಕರ್ಯಕ್ಕೆ ಐದು ವರ್ಷಗಳಿಗೆ 2,254.43 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಇದನ್ನು ದಂಡವೆನ್ನುವ ಧೈರ್ಯ ಯಾರಿಗೂ ಬೇಡ. ಪ್ರಯೋಗಾಲಯದ ವರದಿ ಬಾರದೆ ಸೆರೆಯಲ್ಲಿ ಕೊಳೆಯುವವರೂ ಬಡವರೇ, ನ್ಯಾಯಕ್ಕಾಗಿ ಕಾಯುವವರೂ ಬಡವರೇ. ಆದರೆ ಭಾರತದ ಕ್ರಿಮಿನಲ್ ಮೊಕದ್ದಮೆಯು ಈ ಹೊತ್ತಿಗೂ ಬಹುಮಟ್ಟಿಗೆ ಬಾಯಿಮಾತಿನ ಸಾಕ್ಷ್ಯದ ಮೇಲೆ ನಿಂತಿದೆ. ರಕ್ತದ ಕಲೆಯು ಸ್ಥಳದಿಂದ ಪ್ರಯೋಗಾಲಯಕ್ಕೆ ಕಲುಷಿತವಾಗದೆ ಸಾಗಿತೇ ಎಂದು ತಿಳಿಯಲು ಮೊಹರು, ಚೀಟಿ, ಸಹಿಗಳ ಒಂದು ಸರಪಳಿಯೇ ಇದೆ. ಮಾತು ಸಾಕ್ಷಿಯ ಬಾಯಿಂದ ಹೊರಟು ನ್ಯಾಯಾಧೀಶರ ಕಡತವನ್ನು ಸೇರುವಷ್ಟರಲ್ಲಿ ಏನಾಯಿತೆಂದು ತಿಳಿಯಲು ಅಂತಹ ಸರಪಳಿ ಇಲ್ಲ. ಅದನ್ನು ರೂಪಿಸುವುದು ಹೇಗೆಂಬ ಅಧ್ಯಯನಕ್ಕೆ ಒಂದು ಶೀರ್ಷಿಕೆಯೂ ಇಲ್ಲ.

ಕಾನೂನಿನ ಪಾಠವನ್ನು ಇಲ್ಲಿ ತುಸು ನಿಧಾನವಾಗಿ ಓದಬೇಕು. ಸಂಹಿತೆಯ 307ನೆಯ ಕಲಮಿನ ಪ್ರಕಾರ ಉಚ್ಚ ನ್ಯಾಯಾಲಯವನ್ನುಳಿದ ನ್ಯಾಯಾಲಯಗಳ ಭಾಷೆಯನ್ನು ರಾಜ್ಯ ಸರ್ಕಾರ ಗೊತ್ತುಪಡಿಸುತ್ತದೆ. ಸಾಕ್ಷಿಯು ಬೇರೆ ಭಾಷೆಯಲ್ಲಿ ನುಡಿದರೆ, 312ನೆಯ ಕಲಮಿನ ಪ್ರಕಾರ, ಸಾಧ್ಯವಿದ್ದಲ್ಲಿ ಆ ಭಾಷೆಯಲ್ಲೇ ಬರೆದುಕೊಳ್ಳಬಹುದು. ಸಾಧ್ಯವಾಗದಿದ್ದರೆ ನ್ಯಾಯಾಲಯದ ಭಾಷೆಗೆ ನಿಜವಾದ ಅನುವಾದ ಸಿದ್ಧವಾಗಬೇಕು. ಆರೋಪಿಗೆ ತಿಳಿಯದ ಭಾಷೆಯಲ್ಲಿ ಬಂದ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ತೆರೆದ ನ್ಯಾಯಾಲಯದಲ್ಲೇ ವಿವರಿಸಬೇಕೆನ್ನುತ್ತದೆ 314. ದುಭಾಷಿಯು ಸತ್ಯವಾಗಿ ಭಾಷಾಂತರಿಸಲು ಬದ್ಧನೆನ್ನುತ್ತದೆ 317. ಈ ಕಲಮುಗಳು 1973ರ ದಂಡ ಪ್ರಕ್ರಿಯಾ ಸಂಹಿತೆಯಿಂದ ಹೆಚ್ಚೇನೂ ಬದಲಾಗದೆ ಹೊಸ ಸಂಹಿತೆಗೆ ಬಂದಿವೆ. ಸತ್ಯವಾಗಿ ಭಾಷಾಂತರಿಸಬೇಕು, ಸರಿ. ಅದಕ್ಕೆ ಅವನಿಗೆ ಏನು ತಿಳಿದಿರಬೇಕು, ಅವನನ್ನು ಪರೀಕ್ಷಿಸುವವರು ಯಾರು, ಅವನಿಗೆ ಕೂಲಿ ಎಷ್ಟು ಎಂಬುದಕ್ಕೆ ಈ ಕಲಮುಗಳಲ್ಲಿ ಉತ್ತರವಿಲ್ಲ. ‘ಸಾಧ್ಯವಿದ್ದಲ್ಲಿ’ ಎಂಬ ಪದ ಎಷ್ಟು ಬಾರಿ ಸಾಧ್ಯವಾಗಿದೆ ಎಂಬುದನ್ನು ಜಿಲ್ಲಾವಾರು ನೋಡಿದರೆ ಅದೊಂದೇ ಒಂದು ಒಳ್ಳೆಯ ಪಿಎಚ್.ಡಿ. ವಿಷಯವಾದೀತು.

ಸರ್ವೋಚ್ಚ ನ್ಯಾಯಾಲಯವು ಈ ವಿಷಯದಲ್ಲಿ ಮೊದಲಿನಿಂದಲೂ ಎಚ್ಚರವಾಗಿದೆ. 1962ರ ಹರಿಕಿಸನ್ ಪ್ರಕರಣದಲ್ಲಿ, ಇಂಗ್ಲಿಷ್ ಬಾರದ ವ್ಯಕ್ತಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು ಬಾಯಲ್ಲಿ ವಿವರಿಸಿದರೆ ಸಾಲದೆಂದು ಅದು ಹೇಳಿತು. 2025ರ ನವೆಂಬರಿನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ, ದಸ್ತಗಿರಿಯ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕೆಂದು ಸಾರಿತು. ತತ್ತ್ವ ಸ್ಥಿರವಾಗಿದೆ. ಹೊಸೂರಿನ ಕೈಗಾರಿಕಾ ವಲಯದಲ್ಲಿ ಇಂದು ಒಡಿಯಾ, ಬಂಗಾಳಿ, ಹಿಂದಿ ಆಡುವ ಕಾರ್ಮಿಕರೂ ಇದ್ದಾರೆ. ಗಡಿಯಾಚೆಯ ಅತ್ತಿಬೆಲೆ, ಬೊಮ್ಮಸಂದ್ರಗಳಲ್ಲಿ ತಮಿಳರಿದ್ದಾರೆ, ಅವರ ಹೇಳಿಕೆ ಕನ್ನಡದಲ್ಲಿ ದಾಖಲಾಗುತ್ತದೆ. ಆದ್ದರಿಂದ ಇದನ್ನು ಕನ್ನಡಿಗರ ದೂರೆಂದು ಮಾತ್ರ ಓದಬಾರದು. ತತ್ತ್ವವನ್ನು ಕಾರ್ಯರೂಪಕ್ಕೆ ತರಲು ಯಾವ ಠಾಣೆಯಲ್ಲಿ ಯಾವ ಭಾಷೆಯ ಎಷ್ಟು ಜನ ಬೇಕೆಂಬ ಲೆಕ್ಕ ಬೇಕು. ನಮ್ಮಲ್ಲಿರುವುದು ತೀರ್ಪು, ಲೆಕ್ಕವಲ್ಲ.

ಒಂದು ಶಬ್ದದ ಉದಾಹರಣೆಯಿಂದ ಈ ಮಾತಿನ ತೂಕ ತಿಳಿದೀತು. ಕನ್ನಡದಲ್ಲಿ ‘ಮುಟ್ಟು’ ಎಂದರೆ ಸ್ಪರ್ಶಿಸು. ತಮಿಳಿನಲ್ಲಿ ‘ಮುಟ್ಟು’ ಎಂದರೆ ಹಾಯು, ಡಿಕ್ಕಿ ಹೊಡೆ, ಗುದ್ದು. ದನ ಮುಟ್ಟುತ್ತದೆ, ತಲೆ ಬಾಗಿಲಿಗೆ ಮುಟ್ಟುತ್ತದೆ. ಸ್ಪರ್ಶಿಸು ಎಂಬುದಕ್ಕೆ ತಮಿಳಿನ ಮಾತು ‘ತೊಡು’; ಅದೇ ಧ್ವನಿಯ ಕನ್ನಡ ಪದಕ್ಕೆ ಉಡುಪು ಧರಿಸು ಎಂಬ ಅರ್ಥ. ದ್ರಾವಿಡ ಭಾಷೆಗಳ ಸೋದರ ಸಂಬಂಧದಿಂದ ಉಂಟಾಗುವ ಇಂತಹ ಜೋಡಿಗಳನ್ನು ನಾವು ತೌಲನಿಕ ವ್ಯಾಕರಣದ ತರಗತಿಯಲ್ಲಿ ಕುತೂಹಲದಿಂದ ನೋಡಿ ಮುಂದೆ ಸಾಗುತ್ತೇವೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಕಾಯ್ದೆ, ಎಂದರೆ ಪೋಕ್ಸೊ, ತನ್ನ 7ನೆಯ ಕಲಮಿನಲ್ಲಿ ಅಪರಾಧವನ್ನು ನಿರೂಪಿಸುವುದೇ ಸ್ಪರ್ಶವೆಂಬ ಕ್ರಿಯಾಪದದ ಮೇಲೆ. ಆ ಒಂದು ಪದದ ವ್ಯಾಪ್ತಿ ಎಷ್ಟೆಂದು ಬೊಂಬಾಯಿ ಉಚ್ಚ ನ್ಯಾಯಾಲಯದ ಪೀಠವೊಂದು ಒಂದು ಬಗೆಯಾಗಿ ಹೇಳಿ, 2021ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿದ್ದು ನೆನಪಿರಬಹುದು. ಬಟ್ಟೆಯ ಮೇಲಿಂದ ಮುಟ್ಟಿದರೆ ಅದು ಮುಟ್ಟಿದಂತೆಯೇ ಎಂಬುದನ್ನು ಸ್ಥಾಪಿಸಲು ದೇಶದ ಅತ್ಯುನ್ನತ ಪೀಠವೇ ಕೂಡಬೇಕಾಯಿತು.

ಈಗ ಗುಡ್ಡದ ಹಳ್ಳಿಯೊಂದರ ಕನ್ನಡ ಮಾತಿನ ಮಗುವನ್ನು ಕಲ್ಪಿಸಿಕೊಳ್ಳೋಣ. ಅದು ‘ಮುಟ್ದ’ ಎನ್ನುತ್ತದೆ. ಬರೆದುಕೊಳ್ಳುವವರು ಎರಡೂ ಭಾಷೆಯನ್ನು ಬಲ್ಲವರಾದರೆ ಸರಿಯಾದ ತಮಿಳು ಕ್ರಿಯಾಪದ ಬೀಳುತ್ತದೆ. ಸಂತೆಯ ವ್ಯವಹಾರಕ್ಕೆ ಸಾಲುವಷ್ಟು ಮಾತ್ರ ಕನ್ನಡ ಬಲ್ಲವರಾದರೆ, ಅವರಿಗೆ ಪರಿಚಿತವೆನಿಸಿದ ಶಬ್ದವನ್ನೇ ಹಾಗೆಯೇ ಇಳಿಸುವ ಸಂಭವ ಹೆಚ್ಚು. ತಿಳಿಯದ ಪದಕ್ಕಿಂತ ತಿಳಿದಂತೆ ತೋರುವ ಪದವೇ ಅಪಾಯಕಾರಿ. ತಿಂಗಳುಗಳ ಬಳಿಕ ನ್ಯಾಯಾಲಯದಲ್ಲಿ ಮಗು ತನ್ನ ಮಾತನ್ನು ಮತ್ತೆ ಹೇಳುತ್ತದೆ, ಅದು ಈ ಸಲ ಸರಿಯಾಗಿ ಅನುವಾದಗೊಳ್ಳುತ್ತದೆ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೂ ನ್ಯಾಯಾಲಯದ ಸಾಕ್ಷ್ಯಕ್ಕೂ ವೈರುಧ್ಯವಿದೆಯೆಂದು ಪ್ರತಿವಾದಿ ವಕೀಲರು ಎತ್ತಿ ತೋರಿಸುತ್ತಾರೆ. ಹಾಗೆ ತೋರಿಸಲು ಸಂಹಿತೆಯ 181ನೆಯ ಕಲಂ ಅವಕಾಶ ಕೊಡುತ್ತದೆ, ಮುಖ್ಯವಾದ ಲೋಪವನ್ನೂ ವೈರುಧ್ಯವೆಂದು ಎಣಿಸಬಹುದು. ಮಗು ಎರಡು ಸಲವೂ ಹೇಳಿದ್ದು ಒಂದೇ ಮಾತು. ವೈರುಧ್ಯವನ್ನು ಹುಟ್ಟಿಸಿದ್ದು ಅನುವಾದ. ಖುಲಾಸೆಯ ತೀರ್ಪಿನಲ್ಲಿ ಮಾತ್ರ ಕಾರಣವಾಗಿ ಕಾಣುವುದು ಸಾಕ್ಷಿಯ ಅವಿಶ್ವಸನೀಯತೆ. ಅಪರಾಧ ಅಂಕಿಅಂಶಗಳ ಸಂಪುಟದಲ್ಲಿ ಅದು ಖುಲಾಸೆಯ ಅಂಕಣದ ಒಂದು ಅಂಕೆ.

ಪೋಕ್ಸೊ ಕಾಯ್ದೆಯ ಹಿರಿಮೆಯೆಂದರೆ ಅದು ಈ ಅಪಾಯವನ್ನು ಊಹಿಸಿತ್ತು. ಮಗುವಿಗೆ ತಿಳಿಯದ ಭಾಷೆಯಲ್ಲಿ ದೂರು ದಾಖಲಾಗುವುದಾದರೆ ಅರ್ಹತೆ ಮತ್ತು ಅನುಭವವುಳ್ಳ ಅನುವಾದಕರನ್ನು, ನಿಗದಿತ ಶುಲ್ಕ ಕೊಟ್ಟು, ಒದಗಿಸಬೇಕೆಂದು 19ನೆಯ ಕಲಂ ಹೇಳುತ್ತದೆ. ನ್ಯಾಯಾಲಯದ ಹಂತಕ್ಕೆ 38ನೆಯ ಕಲಂ ಇದೆ. 2020ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕವು ದುಭಾಷಿಗಳ, ಅನುವಾದಕರ ಹೆಸರು ವಿಳಾಸಗಳ ಒಂದು ದಾಖಲೆ ಪುಸ್ತಕವನ್ನು ಇಟ್ಟಿರಬೇಕು. ಮಗುವಿನ ಭಾಷೆಯು ಅವರ ಮಾತೃಭಾಷೆಯಾಗಿರಬಹುದು, ಪ್ರಾಥಮಿಕ ಹಂತದ ಬೋಧನ ಮಾಧ್ಯಮವಾಗಿರಬಹುದು, ಅಥವಾ ವೃತ್ತಿಯಿಂದಲೋ ಆ ಪ್ರದೇಶದ ವಾಸದಿಂದಲೋ ಬಂದುದಾಗಿರಬಹುದು. ನಮ್ಮ ಕ್ರಿಮಿನಲ್ ಕಾನೂನಿನಲ್ಲಿ ದುಭಾಷಿಯನ್ನು ಇಷ್ಟು ನಿಚ್ಚಳವಾಗಿ ಕಂಡ ಇನ್ನೊಂದು ಎಡೆ ವಿರಳ. ಬಾಲ್ಯವಿವಾಹವು ಇನ್ನೂ ನಿಲ್ಲದ ಅಂಚೆಟ್ಟಿ, ತಳಿಗಳ ಬೆಟ್ಟದ ಸೀಮೆಯಲ್ಲಿ ಈ ನಿಯಮ ಬರಿಯ ಅಲಂಕಾರವಲ್ಲ. ಮದುವೆ ಒಂದು ರಾಜ್ಯದಲ್ಲಿ, ಸಂಸಾರ ಇನ್ನೊಂದರಲ್ಲಿ ನಡೆಯುವ ಗಡಿಯಲ್ಲಿ ಆ ಪುಸ್ತಕ ನಿಜಕ್ಕೂ ತೆರೆಯಬೇಕಾಗುತ್ತದೆ.

ರಾಜ್ಯವು ಭಾಷಾಂತರಕ್ಕೆ ಹಣ ಹೂಡಲಾರದೆಂಬ ವಾದಕ್ಕೆ ಗಡಿಯ ಇತಿಹಾಸದಲ್ಲೇ ಉತ್ತರವಿದೆ. ಜಯಲಲಿತಾ ಅವರ ಮೇಲಿನ ಅಕ್ರಮ ಆಸ್ತಿ ಮೊಕದ್ದಮೆಯನ್ನು ಸರ್ವೋಚ್ಚ ನ್ಯಾಯಾಲಯವು 2003ರ ನವೆಂಬರ್ 18ರಂದು ಚೆನ್ನೈಯಿಂದ ಬೆಂಗಳೂರಿಗೆ ವರ್ಗಾಯಿಸಿತು. ತಮಿಳಿನ ಸಾವಿರಾರು ಪುಟಗಳ ದಾಖಲೆ ಮತ್ತು ಸಾಕ್ಷ್ಯ ಇಂಗ್ಲಿಷಿಗೆ ಬರಬೇಕಾಯಿತು. ಅನುವಾದದ ಗುಣವೇ ವಿವಾದವಾಯಿತು, ಕಾಲ ಹಿಡಿಯಿತು. ತೀರ್ಪು ಬಂದದ್ದು 2014ರ ಸೆಪ್ಟೆಂಬರ್ 27ರಂದು. ವಿಚಾರಣೆಯ ವೆಚ್ಚವನ್ನು ಕರ್ನಾಟಕವು ಬಳಿಕ ತಮಿಳುನಾಡಿನಿಂದ ಕೇಳಿತು. ಹೊಸೂರಿನಿಂದ ಹೆಚ್ಚು ದೂರವಿಲ್ಲದ ಪರಪ್ಪನ ಅಗ್ರಹಾರಕ್ಕೆ ಅಂದು ಇಡೀ ದೇಶದ ದೃಷ್ಟಿ ನೆಟ್ಟಿತ್ತು. ಪ್ರಬಲ ವಕೀಲರ ಪಡೆಯಿರುವ ಆರೋಪಿಗೆ ಅನುವಾದದ ತಪ್ಪನ್ನು ಪದಪದವಾಗಿ ಪ್ರಶ್ನಿಸುವ ಶಕ್ತಿಯಿತ್ತು, ಅದು ಅವರ ಹಕ್ಕೂ ಹೌದು. ಅದೇ ಸೆರೆಮನೆಯಲ್ಲಿರುವ ಸಾಮಾನ್ಯ ತಮಿಳು ವಿಚಾರಣಾಧೀನನ ಕಡತದಲ್ಲಿ ಅಂತಹ ಎಷ್ಟು ತಪ್ಪುಗಳಿವೆ? ಕೇಳಿದವರಿಲ್ಲ. ಅಂತಹ ಪ್ರಮಾಣದ ದ್ವಿಭಾಷಾ ಮೊಕದ್ದಮೆಯ ಕಾಗದಪತ್ರಗಳೇ ನ್ಯಾಯಾಲಯದ ಭಾಷಾಂತರವನ್ನು ಕುರಿತ ಅಧ್ಯಯನಕ್ಕೆ ಅಪೂರ್ವ ಸಾಮಗ್ರಿ. ಎರಡು ರಾಜ್ಯಗಳ ಬೊಕ್ಕಸಗಳು ಅದರ ಖರ್ಚಿನ ಬಗ್ಗೆ ಪತ್ರವ್ಯವಹಾರ ನಡೆಸಿದವು; ಅದರಿಂದ ಕಲಿಯಬಹುದಾದುದರ ಬಗ್ಗೆ ನಡೆಸಲಿಲ್ಲ.

ವೀರಪ್ಪನ್ ಕಾಲದ ಪ್ರಕರಣಗಳು ಇನ್ನೊಂದು ಬಗೆಯ ಪಾಠ. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗರನ್ನು ಟಾಡಾ ಅಡಿಯಲ್ಲಿ ಬಂಧಿಸಿ ವರ್ಷಗಟ್ಟಲೆ ಮೈಸೂರಿನ ಸೆರೆಯಲ್ಲಿಡಲಾಯಿತು. 2001ರಲ್ಲಿ ಅಲ್ಲಿನ ವಿಶೇಷ ನ್ಯಾಯಾಲಯವು ತೀರ್ಪು ಕೊಟ್ಟಾಗ ನೂರಕ್ಕೂ ಹೆಚ್ಚು ಮಂದಿ ಖುಲಾಸೆಯಾದರು. ಶಿಕ್ಷೆಯಾದವರಲ್ಲಿ ನಾಲ್ವರಿಗೆ 2004ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಮರಣದಂಡನೆ ವಿಧಿಸಿ, 2014ರಲ್ಲಿ ತಾನೇ ಅದನ್ನು ಜೀವಾವಧಿಗಿಳಿಸಿತು. ಜಂಟಿ ಕಾರ್ಯಪಡೆಯ ದೌರ್ಜನ್ಯಗಳನ್ನು ವಿಚಾರಿಸಿದ್ದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ. 2007ರಲ್ಲಿ 89 ಮಂದಿಗೆ ಪರಿಹಾರ ಘೋಷಣೆಯಾಯಿತು. ಕೃಷ್ಣಗಿರಿಯು ಇನ್ನೂ ಧರ್ಮಪುರಿ ಜಿಲ್ಲೆಯ ಭಾಗವಾಗಿದ್ದಾಗ, 1992ರ ಜೂನ್ 20ರಂದು, ಅದೇ ಜಿಲ್ಲೆಯ ವಾಚಾತಿಯಲ್ಲಿ ಗಂಧದ ಮರದ ಶೋಧನೆಯ ಹೆಸರಿನಲ್ಲಿ ಬುಡಕಟ್ಟು ಜನರ ಮೇಲೆ ನಡೆದುದಕ್ಕೆ 269 ಸರ್ಕಾರಿ ನೌಕರರು ಆರೋಪಿಗಳಾದರು. 2011ರ ಸೆಪ್ಟೆಂಬರ್ 29ರಂದು ಎಲ್ಲರೂ ತಪ್ಪಿತಸ್ಥರೆಂದು ತೀರ್ಪಾಯಿತು, ಆ ವೇಳೆಗೆ 54 ಮಂದಿ ತೀರಿಹೋಗಿದ್ದರು. ಸರಿಯಾಗಿ ಹನ್ನೆರಡು ವರ್ಷಗಳ ಅನಂತರ ಮದರಾಸು ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಪೊಲೀಸ್ ಮತ್ತು ಅರಣ್ಯ ಇಲಾಖೆಗಳು ಈ ಸೀಮೆಯಲ್ಲಿ ಹೇಗೆ ನಡೆದುಕೊಂಡವೆಂಬ ನಮ್ಮ ಬಹುಪಾಲು ಅರಿವು ಬಂದುದು ಇಂತಹ ತೀರ್ಪು, ಆಯೋಗ, ಜನಸಂಘಟನೆಗಳ ಹೋರಾಟದಿಂದ. ಸಂಶೋಧನೆಗೆಂದು ಮೀಸಲಾದ ಹಣ ಆ ಅರಿವಿಗೆ ಎಷ್ಟು ನೆರವಾಯಿತೆಂದು ನೋಡಿದರೆ ಆದ್ಯತೆಗಳ ಸ್ವರೂಪ ತಾನೇ ತಿಳಿಯುತ್ತದೆ.

ಹಾಗೆಂದು ಸರ್ಕಾರವು ಅಪರಾಧಿಗಳ ಭಾಷೆಯನ್ನು ಎಂದೂ ಅಧ್ಯಯನ ಮಾಡಿಸಿಲ್ಲವೆಂದು ತಿಳಿಯಬಾರದು. ಮಾಡಿಸಿದೆ, ಆ ಇತಿಹಾಸ ಕಹಿಯಾದುದು. 1892ರಲ್ಲಿ ಮದರಾಸು ಪೊಲೀಸಿನ ಅಧಿಕಾರಿ ಎಫ್.ಎಸ್. ಮುಲ್ಲಾಲಿ ಪ್ರಾಂತದ ‘ಅಪರಾಧಿ ವರ್ಗ’ಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದ. ಕನ್ನಡ, ತೆಲುಗು, ತಮಿಳು ಕಲೆತ ನುಡಿಯಾಡುತ್ತ ಉಪ್ಪು, ಧಾನ್ಯ ಹೊತ್ತು ತಿರುಗುತ್ತಿದ್ದ ಕೊರವ, ಕೊರಮ, ಕೊರಚ ಸಮುದಾಯಗಳು ಅಂದಿನ ಪೊಲೀಸ್ ಬರಹಗಳ ಮುಖ್ಯ ವಸ್ತು. ಅವರ ಮಿಶ್ರನುಡಿಯು ಕಳ್ಳರ ಗುಪ್ತಭಾಷೆಯೆನಿಸಿ ಪದಪಟ್ಟಿಗಳಾಗಿ ಕೈಪಿಡಿಗಳನ್ನು ಸೇರಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರ ತಿದ್ದುಪಡಿಯ ರೂಪದಲ್ಲಿ ಮದರಾಸು ಪ್ರಾಂತಕ್ಕೂ ಬಂತು. 1952ರಲ್ಲಿ ದೇಶದಾದ್ಯಂತ ರದ್ದಾಯಿತು. ಮಾತಿನ ಲೆಕ್ಕ ಯಾರ ಕೈಗೆ ಸಿಕ್ಕುತ್ತದೆ ಎಂಬ ಪ್ರಶ್ನೆ ಹಾಗಾಗಿ ಗೌಣವಲ್ಲ. ಠಾಣೆಯ ಕಡತದಲ್ಲಿ ಆರೋಪಿಯ ಭಾಷೆಗೊಂದು ಅಂಕಣ ಬೇಕೆಂದು ಈ ಲೇಖನ ಕೇಳುತ್ತದೆ. ಅದೇ ಅಂಕಣವು ನಾಳೆ ‘ಗಡಿಯ ಕನ್ನಡ ಮಾತಿನವರು ಇಂತಿಂತಹ ಅಪರಾಧ ಮಾಡುತ್ತಾರೆ’ ಎಂಬ ನಕ್ಷೆಯಾಗಲು ಅಡ್ಡಿಯಿಲ್ಲ. ಬೆಂಗಳೂರಿನಿಂದ ಬರುವ ನಿಷೇಧಿತ ಗುಟ್ಕಾ, ಕರ್ನಾಟಕದ ಮದ್ಯ, ಆಚೆಗೆ ಸಾಗುವ ಪಡಿತರ ಅಕ್ಕಿಗಳ ಸುದ್ದಿಯಲ್ಲಿ ಜುಜುವಾಡಿಯ ಹೆಸರು ಪದೇಪದೇ ಬರುವಾಗ ಈ ಭೀತಿ ಕಾಲ್ಪನಿಕವಲ್ಲ. ಆದ್ದರಿಂದ ಭಾಷೆಯನ್ನು ದಾಖಲಿಸಬೇಕಾದುದು ಪ್ರಕ್ರಿಯೆಯ ಗುಣವಾಗಿ: ಯಾವ ಭಾಷೆಯಲ್ಲಿ ನುಡಿದರು, ಯಾವುದರಲ್ಲಿ ಬರೆಯಲಾಯಿತು, ದುಭಾಷಿ ಇದ್ದರೇ. ವ್ಯಕ್ತಿಯ ಲಕ್ಷಣವಾಗಿ, ಹೆಸರಿನೊಡನೆ, ಅದು ಅಪರಾಧದ ಅಂಕಿಅಂಶವನ್ನು ಸೇರಬಾರದು. ಸಂಗ್ರಹಿಸುವ ಕೈಯೂ ಪೊಲೀಸರದ್ದಾಗಿರಬಾರದು.

ಎರಡು ರಾಜ್ಯಗಳ ನಡುವೆ ಜಾರಿ ಬೀಳುವ ಪ್ರಕರಣಗಳ ಮಾತನ್ನೂ ಸೇರಿಸಬೇಕು. 2018ರ ನವೆಂಬರಿನಲ್ಲಿ ಹೊಸೂರು ಸಮೀಪದ ಹಳ್ಳಿಯೊಂದರ ದಲಿತ ಯುವಕನನ್ನೂ ಅವನನ್ನು ಮದುವೆಯಾಗಿದ್ದ ಅದೇ ಊರಿನ ಬೇರೆ ಜಾತಿಯ ಯುವತಿಯನ್ನೂ ಕೊಂದು ಕಾವೇರಿಗೆ ಎಸೆದರು. ದೇಹಗಳು ದೊರೆತದ್ದು ಕರ್ನಾಟಕದ ಮಂಡ್ಯ ಜಿಲ್ಲೆಯಲ್ಲಿ. ದೂರು ಒಂದು ರಾಜ್ಯದ್ದು, ಶವ ಮತ್ತೊಂದು ರಾಜ್ಯದ್ದು, ಕಾಗದ ಒಂದೆಡೆ ಕನ್ನಡದಲ್ಲಿ, ಇನ್ನೊಂದೆಡೆ ತಮಿಳಿನಲ್ಲಿ. ಗಡಿ ದಾಟಿ ಕೊಂದವರಿಗೆ ನದಿಯ ದಾರಿ ಗೊತ್ತಿತ್ತು. ರಾಜ್ಯವಾರು ಅಂಕಿಅಂಶದಲ್ಲಿ ಇಂತಹ ಪ್ರಕರಣವು ಒಂದು ರಾಜ್ಯದ ಒಂದು ಸಂಖ್ಯೆಯಾಗಿ ನಿಲ್ಲುತ್ತದೆ, ಅದರ ಅಂತರರಾಜ್ಯ ಸ್ವರೂಪ ಕಾಣುವುದಿಲ್ಲ. ಇಲ್ಲಿ ನಮ್ಮ ಗಡಿನಾಡ ಅಧ್ಯಯನಗಳಿಗೂ ಒಂದು ಮಾತು ಸಲ್ಲಬೇಕು. ಶಾಸನ, ಜಾತ್ರೆ, ಶಾಲೆ, ಹಳೆಯ ಸೇಲಂ ಜಿಲ್ಲೆಯ ಕನ್ನಡ ಚಹರೆ ಎಂದು ನಾವು ಬರೆದುದು ಸಾಕಷ್ಟಿದೆ. ಕನ್ನಡ ಮನೆಗಳ ಒಳಗಿನ ಬಾಲ್ಯವಿವಾಹವನ್ನು, ಜಾತಿಯ ಹಿಂಸೆಯನ್ನು ಬರೆದುದು ಕಡಿಮೆ. ಅಲ್ಪಸಂಖ್ಯಾತ ಭಾಷೆಯ ಹಕ್ಕಿಗೆಂದು ಬಂದ ಹಣವು ಅಲ್ಪಸಂಖ್ಯಾತರೊಳಗಿನ ದುರ್ಬಲರ ಪ್ರಶ್ನೆಯನ್ನು ಕೇಳದಿದ್ದರೆ ಗೃಹ ಮಂತ್ರಾಲಯದ ಪಟ್ಟಿಯನ್ನು ದೂರುವ ನೈತಿಕ ಬಲ ನಮಗೆ ಕುಗ್ಗುತ್ತದೆ.

ಹೊರಗಿನ ಅನುಭವದಲ್ಲಿ ಎರಡನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಬ್ರಿಟನ್ನಿನ ಗೃಹ ಇಲಾಖೆಯು 1982ರಲ್ಲಿ ಆರಂಭಿಸಿದ ಅಪರಾಧ ಸಮೀಕ್ಷೆಯು ಠಾಣೆಯ ದಾಖಲೆಯನ್ನು ಬಿಟ್ಟು ಮನೆಮನೆಗೆ ಹೋಗಿ ಜನರನ್ನೇ ಕೇಳಿತು. ದೂರಾಗದೆ ಉಳಿದ ಅಪರಾಧಗಳ ಗಾತ್ರ ಆಗ ತಿಳಿಯಿತು. ಭಾರತದ ಅಧಿಕೃತ ಅಪರಾಧ ಸಂಖ್ಯೆಯು ದಾಖಲಾದ ಪ್ರಕರಣಗಳದ್ದು ಮಾತ್ರ. ಭಾಷೆ ಬಾರದೆಂದು ಠಾಣೆಗೇ ಹೋಗದವರು ಅದರಲ್ಲಿ ಇರುವುದಕ್ಕೆ ಸಾಧ್ಯವೇ ಇಲ್ಲ. ಇನ್ನೊಂದು, ಅಮೆರಿಕದ ರಾಷ್ಟ್ರೀಯ ನ್ಯಾಯ ಸಂಸ್ಥೆಯ ಹಣದಿಂದ 1981–82ರಲ್ಲಿ ಮಿನಿಯಾಪೊಲಿಸ್‌ನಲ್ಲಿ ನಡೆದ ಪ್ರಯೋಗ. ಮನೆಯೊಳಗೆ ಹೊಡೆದವರನ್ನು ದಸ್ತಗಿರಿ ಮಾಡಿದರೆ ಹಿಂಸೆ ಮರುಕಳಿಸುವುದು ತಗ್ಗುತ್ತದೆಂದು ಅದು ಕಂಡಿತು, ನೀತಿ ಅದರಂತೆ ಬದಲಾಯಿತು. ಬೇರೆ ನಗರಗಳಲ್ಲಿ ಅದನ್ನೇ ಮತ್ತೆ ಮಾಡಿ ನೋಡಿದಾಗ ಫಲ ಎಲ್ಲೆಡೆ ಒಂದೇ ಆಗಿರಲಿಲ್ಲ. ಮರುಪರೀಕ್ಷೆಗೂ ಹಣವಿಟ್ಟಿದ್ದರಿಂದ ಆ ತಿಳಿವು ಬಂತು. ದೆಹಲಿಯಲ್ಲೋ ಲಖನೌದಲ್ಲೋ ಕಂಡುದನ್ನು ಕೃಷ್ಣಗಿರಿಗೆ ಹಾಗೆಯೇ ಅನ್ವಯಿಸುವ ನಮ್ಮ ರೂಢಿಗೆ ಇದು ಸರಿಯಾದ ಪ್ರತಿವಾದ.

ಆದ್ಯತೆಗಳನ್ನು ನಿಗದಿಪಡಿಸುವ ಸಂಸ್ಥೆಯ ಪ್ರಶ್ನೆ ಉಳಿಯುತ್ತದೆ. ಹುಬ್ಬಳ್ಳಿ ಮೂಲದ ನ್ಯಾಯಮೂರ್ತಿ ವಿ.ಎಸ್. ಮಳೀಮಠರ ಸಮಿತಿಯು 2003ರಲ್ಲಿ ಕೊಟ್ಟ 158 ಶಿಫಾರಸುಗಳಲ್ಲಿ ಹಲವು ಟೀಕೆಗೆ ಗುರಿಯಾದವು, ಸಕಾರಣವಾಗಿಯೇ. ಆರೋಪಿಯ ರಕ್ಷಣೆಗಳನ್ನು ಅದು ಸಡಿಲಿಸಹೊರಟಿತ್ತು. ಆದರೆ ಅಪರಾಧ ನ್ಯಾಯ ವ್ಯವಸ್ಥೆಯನ್ನು ಕಾಲಕಾಲಕ್ಕೆ ಪರಿಶೀಲಿಸಲು ರಾಷ್ಟ್ರಪತಿಗಳು ನೇಮಿಸುವ ಆಯೋಗವೊಂದು ಇರಬೇಕೆಂಬ ಸಲಹೆ ಅದರಲ್ಲಿತ್ತು, ಅದು ಮೂಲೆಗೆ ಬಿದ್ದಿದೆ. ಅದನ್ನು ಎತ್ತಿಕೊಂಡು, ಸಂಶೋಧನೆಯ ಅನುದಾನವನ್ನು ಗೃಹ ಮಂತ್ರಾಲಯದ ಆಚೆಗೆ ಒಯ್ದು, ಸಂವಿಧಾನದ 350ಬಿ ವಿಧಿಯ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಅಲ್ಲೊಂದು ಸ್ಥಾನ ಕೊಡುವುದು ಅಸಾಧ್ಯವಾದ ಸುಧಾರಣೆಯೇನಲ್ಲ. ಇಂದು ಆ ಆಯುಕ್ತರ ಕಾಳಜಿ ಶಾಲೆ, ಪಠ್ಯಪುಸ್ತಕ, ಪ್ರಕಟಣೆಗಳ ಸುತ್ತ ತಿರುಗುತ್ತದೆ. ಮುಖ್ಯ ಪ್ರಕಟಣೆಗಳ ಅನುವಾದಕ್ಕೆ ಸ್ಥಳೀಯ ಜನಸಂಖ್ಯೆಯ ಶೇಕಡಾ 15ರ ಅಳತೆಯಿದೆ. ಒಬ್ಬನೇ ಆರೋಪಿ ನಿಂತ ಕಟಕಟೆಗೆ ಶೇಕಡಾವಾರು ಲೆಕ್ಕ ಸಲ್ಲದು.

ಯಂತ್ರಾನುವಾದ ಇದೆಯಲ್ಲ ಎಂಬ ಮಾತು ಬರುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರಿಂದ ಬಳಸುತ್ತಿರುವ ಸುವಾಸ್ ತೀರ್ಪುಗಳನ್ನು ಇಂಗ್ಲಿಷಿನಿಂದ ದೇಶಭಾಷೆಗಳಿಗೆ ತರುತ್ತದೆ, ಕನ್ನಡ ತಮಿಳುಗಳೂ ಅದರಲ್ಲಿ ಸೇರಿವೆ. ಅದು ಮೇಲಿನಿಂದ ಕೆಳಗಿಳಿಯುವ ಅನುವಾದ, ಬರೆದ ಗದ್ಯದ ಅನುವಾದ. ಅಂಚೆಟ್ಟಿಯ ಮಗುವಿನ ಕನ್ನಡವು ಇಂಗ್ಲಿಷಿನ ಹಂಗಿಲ್ಲದೆ ನೇರ ತಮಿಳಿಗೆ ಏರಬೇಕಾದ ಮಾತು, ಅದೂ ಬಾಯಿಮಾತು. ಅತ್ಯಾಚಾರಕ್ಕೊಳಗಾದವರ ಹೇಳಿಕೆಯನ್ನು ಧ್ವನಿ, ದೃಶ್ಯಗಳಲ್ಲಿ ದಾಖಲಿಸಲು ಹೊಸ ಸಂಹಿತೆ ಅವಕಾಶ ಕೊಟ್ಟಿರುವುದು ಇಲ್ಲಿ ದೊಡ್ಡ ನೆರವು, ಏಕೆಂದರೆ ಮೂಲ ಮಾತು ಉಳಿಯುತ್ತದೆ. ಉಳಿದ ಆ ಮಾತನ್ನು ಕಿವಿಗೊಟ್ಟು ಕೇಳಿ, ಬರೆದ ತಮಿಳು ಪಾಠದ ಪಕ್ಕದಲ್ಲಿಟ್ಟು ಹೋಲಿಸುವ ಕೆಲಸವು ಭಾಷಾಶಾಸ್ತ್ರ ವಿಭಾಗಗಳದು. ಸಂತ್ರಸ್ತರ ಗುರುತು ಅಳಿಸಿ, ಉಚ್ಚ ನ್ಯಾಯಾಲಯದ ಅನುಮತಿ ಪಡೆದು, ಮುಗಿದ ಮೊಕದ್ದಮೆಗಳಲ್ಲಿ ಮಾತ್ರ ಅದನ್ನು ಮಾಡಬಹುದು. 2,254 ಕೋಟಿಯ ಬಳಿ ಇದರ ವೆಚ್ಚ ಎದ್ದು ಕಾಣುವಷ್ಟೂ ಆಗದು.

ಮೊದಲ ಹೆಜ್ಜೆಗೆ ಅದೂ ಬೇಕಿಲ್ಲ. ಕೃಷ್ಣಗಿರಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಆ ದಾಖಲೆ ಪುಸ್ತಕದಲ್ಲಿ ಕನ್ನಡಕ್ಕೆ, ತೆಲುಗಿಗೆ, ಉರ್ದುವಿಗೆ ಎಷ್ಟೆಷ್ಟು ಹೆಸರುಗಳಿವೆ, ಅವರಲ್ಲಿ ಹೆಂಗಸರು ಎಷ್ಟು ಮಂದಿ, ಕಳೆದ ಐದು ವರ್ಷಗಳಲ್ಲಿ ಅವರನ್ನು ಎಷ್ಟು ಬಾರಿ ಕರೆಸಿದರು, ಶುಲ್ಕ ಸಂದಿತೇ ಎಂಬ ನಾಲ್ಕು ಪ್ರಶ್ನೆಗಳನ್ನು ಮಾಹಿತಿ ಹಕ್ಕಿನ ಒಂದು ಅರ್ಜಿಯಲ್ಲಿ ಕೇಳಬಹುದು. ಅರ್ಜಿ ಶುಲ್ಕ ಹತ್ತು ರೂಪಾಯಿ. ತಮಿಳಿನಲ್ಲಿ ಬರೆದರೆ ಉತ್ತರ ಬೇಗ ಬರುತ್ತದೆ.